ಒಳಗಿನ ಚೀಟಿ, ಹೊರಗಿನ ಚೀಟಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವ ಸಂಗತಿಯಲ್ಲಿ ಅದರ ಪಾಲೂ ಇದೆ. ಜಮಖಂಡಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಇಪ್ಪತ್ತು ವರ್ಷದ ಮೇಲಾಯಿತು. ಪುಸ್ತಕದ ಹಾಳೆ ಮಡಚಿದವರನ್ನು ಕಂಡರೆ ಇಂದಿಗೂ ಮೈ ಉರಿಯುತ್ತದೆ. ವಾಪಸ್ ಬಂದ ಪ್ರತಿಯೊಂದು ಪುಸ್ತಕವನ್ನೂ ನಾನೇ ಬಿಚ್ಚಿ, ಹಾಳೆ ಹರಿದಿದೆಯೇ, ಪೆನ್ನಿನಿಂದ ಗೆರೆ ಎಳೆದಿದ್ದಾರೆಯೇ, ನಡುವೆ ಎಲ್ಲಾದರೂ ಚುರಮರಿಯ ಎಣ್ಣೆ ಹತ್ತಿದೆಯೇ ಎಂದು ನೋಡಿಯೇ ಒಳಗೆ ತೆಗೆದುಕೊಳ್ಳುವುದು. ಹುಡುಗರು ಬೆನ್ನ ಹಿಂದೆ ನನ್ನನ್ನು ಪೊಲೀಸ್ ಬಾಯಾರು ಅನ್ನುತ್ತಾರಂತೆ. ಅನ್ನಲಿ.

ಕೆಲವು ವರ್ಷಗಳ ಹಿಂದೆ ಕಾಲೇಜಿಗೆ ಮೌಲ್ಯಮಾಪನದ ಕಮಿಟಿ ಬರುತ್ತದೆ ಎಂದು ಗೊತ್ತಾಯಿತು. ಅಷ್ಟರೊಳಗೆ ಗ್ರಂಥಾಲಯವೆಲ್ಲ ಕಂಪ್ಯೂಟರಿನಲ್ಲಿ ಇರಬೇಕು ಎಂದು ಮೇಲಿನವರ ಅಪ್ಪಣೆ. ಪ್ರತಿ ಪುಸ್ತಕಕ್ಕೂ ಒಂದೇ ನಂಬರಿನ ಎರಡು ಬಾರ್‌ಕೋಡ್ ಚೀಟಿ ಹಚ್ಚಬೇಕಿತ್ತು: ಒಂದು ಹೊರಗಿನ ರಟ್ಟಿಗೆ, ಒಂದು ಒಳಗಿನ ಮೊದಲ ಹಾಳೆಗೆ. ಇದ್ದವರು ನಾವಿಬ್ಬರೇ, ನಾನು ಮತ್ತು ನಮ್ಮ ಅಟೆಂಡರ್. ಅವನಿಗೆ ಎಲ್ಲರೂ ಕಾಕಾ ಅನ್ನುತ್ತೇವೆ. ಬೇಗ ಆಗಲೆಂದು ಕೆಲಸ ಹಂಚಿಕೊಂಡೆವು. ಹೊರಗಿನ ಚೀಟಿಗಳ ಸುರುಳಿ ಕಾಕಾನ ಕೈಯಲ್ಲಿ, ಒಳಗಿನದು ನನ್ನ ಕೈಯಲ್ಲಿ. ಅವನು ಹಚ್ಚಿ ನನ್ನತ್ತ ಸರಿಸುವುದು, ನಾನು ಬಿಚ್ಚಿ ಒಳಗೆ ಹಚ್ಚಿ ಕಪಾಟಿನತ್ತ ಸರಿಸುವುದು. ವಾರಗಟ್ಟಲೆ ಹೀಗೇ ನಡೆಯಿತು. ಕಮಿಟಿ ಬಂದು, ನೋಡಿ, ಚಹಾ ಕುಡಿದು, ಛಲೋ ಐತ್ರಿ ಎಂದು ಹೋಯಿತು.

ಆಮೇಲೆ ಪದ್ಧತಿಯೂ ಹಾಗೆಯೇ ಕೂತಿತು. ಪುಸ್ತಕ ಕೊಡುವಾಗ ಕಿಟಕಿಯಲ್ಲಿ ನಿಲ್ಲುವವನು ಕಾಕಾ; ಅವನು ಹೊರಗಿನ ಚೀಟಿಗೆ ಮಿಷನ್ ಹಿಡಿದು ಟಣ್ ಎನಿಸಿ ಕೊಟ್ಟುಬಿಡುತ್ತಾನೆ. ವಾಪಸ್ ತೆಗೆದುಕೊಳ್ಳುವವಳು ನಾನು. ಹೇಗೂ ಬಿಚ್ಚಿ ನೋಡುತ್ತೇನಲ್ಲ, ಒಳಗಿನ ಚೀಟಿಗೇ ಮಿಷನ್ ಹಿಡಿಯುತ್ತೇನೆ. ಹೊರಗಿನದು ಹರಿಯುತ್ತದೆ, ಮಾಸುತ್ತದೆ, ಒಳಗಿನದೇ ಖರೆ ಎಂಬುದು ನನ್ನ ನಂಬಿಕೆಯಾಗಿತ್ತು. ಹೊಸಬರಿಗೆ ಪಾಠದಂತೆ ಹೇಳುತ್ತಲೂ ಇದ್ದೆ.

ಈ ಸಂಗತಿ ಕಮಿಟಿ ಬಂದು ಹೋದ ವರ್ಷವೇ ಒಂದು ಸೋಮವಾರ ಶುರುವಾಗಿ ಶುಕ್ರವಾರ ಮುಗಿಯಿತು. ಬನಹಟ್ಟಿಯ ಒಬ್ಬ ಹುಡುಗಿ, ಆಗತಾನೇ ಬಿ.ಎ. ಮುಗಿಸಿದವಳು, ನೋ ಡ್ಯೂಸ್ ಫಾರ್ಮ್ ಹಿಡಿದುಕೊಂಡು ಬಂದಳು. ಅದಕ್ಕೆ ಗ್ರಂಥಾಲಯದ ಸಹಿ ಬೀಳದೆ ಆಫೀಸಿನವರು ಟಿ.ಸಿ. ಕೊಡುವುದಿಲ್ಲ. ಅವಳಿಗೆ ಬೀಳಗಿಯಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು, ಶನಿವಾರದೊಳಗೆ ಟಿ.ಸಿ. ಒಯ್ದು ಕೊಡದಿದ್ದರೆ ಸೀಟು ಬೇರೆಯವರಿಗೆ. ಇದನ್ನೆಲ್ಲ ಅವಳು ಒಂದೇ ಉಸಿರಿನಲ್ಲಿ ಹೇಳಿದಳು.

ಕಂಪ್ಯೂಟರಿನಲ್ಲಿ ಅವಳ ಹೆಸರು ಹೊಡೆದೆ. ಕೆಂಪು ಗೆರೆ.

"ನಿನ್ನ ಹೆಸರಿನ ಮ್ಯಾಲೆ ಒಂದು ಪುಸ್ತಕ ಐತಲ್ಲವಾ. ಅರ್ಥಶಾಸ್ತ್ರದ್ದು, ಏಳನೇ ನಂಬರಿಂದು."

"ಕೊಟ್ಟೇನ್ರಿ ಮೇಡಂ. ಪರೀಕ್ಷಾ ಮುಗದ ಮರುದಿನಾನ ಕೊಟ್ಟೇನಿ. ನಿಮ್ಮ ಕೈಯಾಗನ ಕೊಟ್ಟೇನ್ರಿ."

"ನನ್ನ ಕೈಯಾಗ ದಿನಾ ನೂರು ಪುಸ್ತಕ ಬರ್ತಾವ. ಮತ್ತ ಕಂಪ್ಯೂಟರ್ ಸುಳ್ಳು ಹೇಳತೈತೇನು?"

ಆದರೂ ನಾನು ನ್ಯಾಯ ತಪ್ಪುವವಳಲ್ಲ ಎಂಬ ಹಮ್ಮಿನಿಂದ ಎದ್ದು ಕಪಾಟು ನೋಡಿದೆ. ಅದು ಕನ್ನಡದಲ್ಲಿದ್ದ ಪಠ್ಯ, ಹತ್ತು ಪ್ರತಿ ಇದ್ದವು. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ವಿಷಯಕ್ಕೆ ಇದ್ದದ್ದು ಅದೊಂದೇ ಪುಸ್ತಕ. ಆರು ಪ್ರತಿ ಕಪಾಟಿನಲ್ಲಿದ್ದವು, ಉಳಿದವು ಬೇರೆಯವರ ಕೈಯಲ್ಲಿ. ಆರನ್ನೂ ಬಿಚ್ಚಿ ಒಳಗಿನ ಚೀಟಿ ನೋಡಿದೆ. ಏಳು ಇರಲಿಲ್ಲ.

"ಇಲ್ಲವಾ. ಮನ್ಯಾಗ ಹುಡುಕು, ಸಿಗತೈತಿ. ಇಲ್ಲಂದ್ರ ಹೊಸಾದು ತಂದು ಕೊಡು."

ಹೊಸದು ಎಲ್ಲಿಂದ ತರಬೇಕು? ಆ ಪುಸ್ತಕ ಅಚ್ಚಾಗುವುದು ನಿಂತು ಎಷ್ಟೋ ದಿನವಾಗಿತ್ತು. ಅದು ನನಗೆ ಗೊತ್ತಿತ್ತು. ಆದರೂ ಹೇಳಿದೆ, ಏಕೆಂದರೆ ನಿಯಮದಲ್ಲಿ ಹಾಗೆ ಬರೆದಿದೆ.

ಬುಧವಾರ ಮತ್ತೆ ಬಂದಳು. ಮನೆಯಲ್ಲಿ ನೂಲಿನ ಚೀಲದ ಕೆಳಗೂ ಹುಡುಕಿದ್ದಳಂತೆ. ಜಮಖಂಡಿಯ ಅಂಗಡಿಗಳನ್ನೆಲ್ಲ ಕೇಳಿದ್ದಳು. ತೇರದಾಳದ ಗೆಳತಿಯ ಮನೆಗೂ ಹೋಗಿ ಬಂದಿದ್ದಳು. "ಮೇಡಂ, ಕೊಟ್ಟಿದ್ದು ಮನ್ಯಾಗ ಹೆಂಗ ಸಿಗತೈತ್ರಿ?" ಎಂದು ಕೇಳಿದಾಗ ಅವಳ ದನಿ ಗಟ್ಟಿಯಾಗಿಯೇ ಇತ್ತು. ನನಗೆ ಅದೇ ಸಿಟ್ಟಿಗೆ ಕಾರಣವಾಯಿತು. ಅತ್ತಿದ್ದರೆ ಬಹುಶಃ ಕರಗುತ್ತಿದ್ದೆ. ನಮ್ಮಂಥವರಿಗೆ ಬಡವರ ಮಕ್ಕಳು ಅತ್ತರೆ ಒಳ್ಳೆಯವರು, ವಾದಿಸಿದರೆ ಉದ್ಧಟರು. ಈ ಮಾತು ಈಗ ಬರೆಯುತ್ತಿದ್ದೇನೆ, ಅಂದು ಹೊಳೆದಿರಲಿಲ್ಲ. "ನನ್ನ ಕೂಡ ವಾದಾ ಮಾಡಬ್ಯಾಡ," ಎಂದು ಕಳಿಸಿದೆ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಅವಳ ಜೊತೆ ಅವಳ ತಾಯಿಯೂ ಬಂದಳು. ನನ್ನದೇ ವಯಸ್ಸು. ಮಗ್ಗದ ಕೆಲಸ ಅರ್ಧಕ್ಕೆ ಬಿಟ್ಟು ಬಂದಿರಬೇಕು, ಸೆರಗಿನ ಮೇಲೆ ಅಲ್ಲಲ್ಲಿ ನೂಲಿನ ತುಣುಕು ಹತ್ತಿಕೊಂಡಿದ್ದವು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು ನಾನೂ ಸೊಂಟ ಕಟ್ಟಿದೆ. ಅವಳು ಮಾತ್ರ ಕಿಟಕಿಯ ಹೊರಗೆ ನಿಂತು ಮೆತ್ತಗೆ ಅಂದಳು:

"ಅಕ್ಕಾರ, ನಮ್ಮ ಹುಡುಗಿ ಇಲ್ಲದ್ದು ಹೇಳೂದಿಲ್ರಿ. ಇನ್ನೊಮ್ಮಿ ನೋಡ್ರಲ್ಲ. ನಾಳಿ ಒಂದ ದಿನ ಉಳದೈತ್ರಿ."

ಆ "ನೋಡ್ರಲ್ಲ" ಎಂಬುದಕ್ಕೇ ನನಗೆ ರೇಗಿತು. ನಾನು ನೋಡಿಲ್ಲವೇ? ಧಡಧಡ ಹೋಗಿ ಆರೂ ಪ್ರತಿಗಳನ್ನು ತಂದು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿದೆ. "ನೀವೇ ನೋಡ್ರಿ. ಎಲ್ಲಿ ಐತಿ ತೋರಸ್ರಿ."

ಇಷ್ಟು ದಿನ ಆ ಹುಡುಗಿ ಕಿಟಕಿಯ ಆಚೆ ನಿಂತಿದ್ದಳು, ಪುಸ್ತಕಗಳು ಈಚೆ ಇದ್ದವು. ವಿದ್ಯಾರ್ಥಿಗಳನ್ನು ಕಪಾಟುಗಳ ನಡುವೆ ಬಿಡುವುದು ನಮ್ಮಲ್ಲಿ ಇರಲಿಲ್ಲ. ಈಗ ಮೊದಲ ಬಾರಿ ಅವಳ ಕೈಗೆ ಅವು ಸಿಕ್ಕವು. ಎರಡೇ ನಿಮಿಷ. ಒಂದನ್ನು ಎತ್ತಿ ಹಿಡಿದು, "ಇದ ನೋಡ್ರಿ ಮೇಡಂ. ಏಳು!" ಅಂದಳು.

"ಹೊರಗಿಂದು ನೋಡಬ್ಯಾಡ. ಒಳಗ ತಗದು ನೋಡು."

ತೆಗೆದಳು. ಒಳಗೆ ಎಂಟು.

ನಾನೂ ನೋಡಿದೆ. ಹೊರಗೆ ಏಳು, ಒಳಗೆ ಎಂಟು. ಕಾಕಾ ಬಂದು ಕನ್ನಡಕ ಹಾಕಿಕೊಂಡು ನೋಡಿದ. ನನ್ನ ತಲೆಯಲ್ಲಿ ಮೊದಲು ಬಂದದ್ದು, ಈ ಹುಡುಗಿಯೇ ಚೀಟಿ ಕಿತ್ತು ಹಚ್ಚಿರಬಹುದೇ ಎಂಬ ಸಂಶಯ. ಹೌದು, ಅದೇ ಬಂತು. ನಾಚಿಕೆಯಾದರೂ ಬರೆಯುತ್ತೇನೆ.

ಆಗ ತಾಯಿ ಕೇಳಿದಳು: "ಅಕ್ಕಾರ, ಈ ಚೀಟಿ ಎಷ್ಟ ಮಂದಿ ಹಚ್ಚೀರಿ?"

"ಇಬ್ಬರು. ಇವರು ಹೊರಗ, ನಾನು ಒಳಗ. ಯಾಕ?"

"ಹಂಗಾರ ಎಳಿ ತಪ್ಪೈತ್ರಿ," ಅಂದಳು, ಸಹಜವಾಗಿ. "ನಮ್ಮಲ್ಲಿ ಮಗ್ಗಕ್ಕ ಹೊಸ ಹಾಸು ಏರಸೂಮುಂದ ಹಣಿಗಿ ಹಲ್ಲಿನ ಸಂದ್ಯಾಗ ಎಳಿ ಹಾಕಾಕ ಇಬ್ಬರು ಕುಂದರ್ತೇವ್ರಿ. ಅತ್ತಾಗಿನಾಕಿ ಒಂದೊಂದ ಎಳಿ ಕೊಡತಾಳ, ಇತ್ತಾಗಿನಾಕಿ ಜಗ್ಗತಾಳ. ಒಬ್ಬಾಕಿ ಒಂದ ಎಳಿ ಬಿಟ್ಟಳಂದ್ರ ಇನ್ನೊಬ್ಬಾಕಿಗೆ ತಿಳಿಯೂದೇ ಇಲ್ರಿ. ಅಲ್ಲಿಂದ ಮುಂದಿಂದೆಲ್ಲಾ ಒಂದೊಂದ ಮನಿ ಸರೀತೈತಿ. ಬಾಕಿ ಪುಸ್ತಕಾನೂ ನೋಡ್ರಿ."

ನೋಡಿದೆವು. ಎರಡನೆಯ ಪ್ರತಿ, ಒಳಗೆ ಹೊರಗೆ ಸರಿ. ಮೂರನೆಯದು ಸರಿ. ನಾಲ್ಕರ ಒಳಗೆ ಐದು. ಐದರ ಒಳಗೆ ಆರು. ಒಂಬತ್ತರ ಒಳಗೆ ಹತ್ತು. ಅಯ್ಯೋ ನನ್ನ ಕರ್ಮವೇ! ಆ ಗಳಿಗೆಗೆ ನೆನಪಾಯಿತು. ಕಮಿಟಿಗಾಗಿ ಹಚ್ಚುತ್ತಿದ್ದಾಗ ಒಂದು ಚೀಟಿ ಬೆರಳಿಗೆ ಅಂಟಿ ಹರಿದು, ಅದನ್ನು ಉಂಡೆ ಮಾಡಿ ಟೇಬಲ್ಲಿನ ಕೆಳಗೆ ಒಗೆದು, ಸುರುಳಿಯ ಮುಂದಿನ ಚೀಟಿ ಹಚ್ಚಿದ್ದೆ. ಒಂದು ಚೀಟಿಗೇನು ಎಂದುಕೊಂಡಿದ್ದೆ. ಆ ಸುರುಳಿ ಮುಗಿದಾಗ ಕೊನೆಯ ಪುಸ್ತಕಕ್ಕೆ ಒಂದು ಕಡಿಮೆ ಬಿದ್ದಿತ್ತು. ಚೀಟಿ ಛಾಪಿಸಿದವನಿಗೆ ಬಾಯಿತುಂಬ ಬೈದು, ಕೈಯಿಂದ ನಂಬರ್ ಬರೆದು ಮುಗಿಸಿದ್ದೆ.

ಕಾಕಾ ಹೊರಗಿನ ಏಳಕ್ಕೆ ಮಿಷನ್ ಹಿಡಿದು ಈ ಹುಡುಗಿಗೆ ಪುಸ್ತಕ ಕೊಟ್ಟಿದ್ದ. ಅವಳು ಅದೇ ಪುಸ್ತಕ ತಂದು ಕೊಟ್ಟಾಗ ನಾನು ಒಳಗಿನ ಎಂಟಕ್ಕೆ ಹಿಡಿದಿದ್ದೆ. ಎಂಟು ವಾಪಸ್ ಬಂತು ಎಂದು ಬರೆದುಕೊಂಡ ಕಂಪ್ಯೂಟರ್, ಏಳನ್ನು ಅವಳ ತಲೆಯ ಮೇಲೆಯೇ ಇಟ್ಟಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ. ವಾರವೆಲ್ಲ ನಾನು ಮಾಡಿದ್ದು ಅದನ್ನೇ.

"ತಪ್ಪಾತವಾ," ಅಂದೆ ಹುಡುಗಿಗೆ. "ನಂದ ತಪ್ಪು. ನಿಂದೇನೂ ಇಲ್ಲ." ಅಷ್ಟು ವರ್ಷದಲ್ಲಿ ಆ ಕಿಟಕಿಯಿಂದ ಆ ಮಾತು ಹೊರಗೆ ಹೋದದ್ದು ಅದೇ ಮೊದಲು. ಫಾರ್ಮಿಗೆ ಸಹಿ ಹಾಕಿ ಸಿಕ್ಕಾ ಒತ್ತಿದೆ. ಆಗ ನಾಲ್ಕು ಗಂಟೆ ದಾಟಿತ್ತು. ಆಫೀಸಿನ ಕ್ಲರ್ಕ್ ಶುಕ್ರವಾರ ಬೇಗ ಎದ್ದು ಹೋಗುವ ಮನುಷ್ಯ. ಕಾಕಾ ಫಾರ್ಮ್ ಕಸಿದುಕೊಂಡು ಓಡಿದ. ಮಂಡಿ ನೋವು ಎಂದು ದಿನವೂ ನರಳುವ ಮುದುಕ ಮೆಟ್ಟಿಲು ಎರಡೆರಡು ಹಾರಿದ್ದನ್ನು ನಾನು ಕಣ್ಣಾರೆ ಕಂಡೆ.

ಅವನು ಟಿ.ಸಿ. ಹಿಡಿದು ವಾಪಸ್ ಬಂದಾಗ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಉಸ್ಸಪ್ಪಾ! ಒಂದು ದಿನ ತಡವಾಗಿದ್ದರೆ ಒಂದು ಚೀಟಿಯ ಸಲುವಾಗಿ ಒಂದು ಹುಡುಗಿಯ ಒಂದು ವರ್ಷ ಹೋಗುತ್ತಿತ್ತು. ಅದನ್ನು ಕಳೆದವರು ಯಾರು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಾಯಿ-ಮಗಳಿಬ್ಬರನ್ನೂ ಒಳಗೆ ಕರೆದು, ನನ್ನ ಟೇಬಲ್ಲಿನ ಮುಂದೆ ಕುರ್ಚಿ ಹಾಕಿಸಿ, ಚಹಾ ತರಿಸಿದೆ. ಬನಹಟ್ಟಿಯ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಹುಡುಗಿ ಟಿ.ಸಿ.ಯಲ್ಲಿ ತನ್ನ ಹೆಸರು ಸರಿಯಾಗಿದೆಯೇ ಎಂದು ಮೂರು ಸಲ ಓದಿದಳು. ನಮ್ಮ ಮೇಲೆ ಅಷ್ಟೂ ನಂಬಿಕೆ ಉಳಿದಿರಲಿಲ್ಲ, ಪಾಪ.

ಚಹಾ ಕುಡಿಯುತ್ತಲೇ ನನಗೆ ಇನ್ನೊಂದು ಹೊಳೆಯಿತು. ಇವಳ ಪುಸ್ತಕ ಎಂಟರ ಲೆಕ್ಕಕ್ಕೆ ಹೋಗಿದ್ದರೆ, ಎಂಟನ್ನು ಖರೆ ಒಯ್ದವರು ಯಾರು? ಕಂಪ್ಯೂಟರ್ ನೋಡಿದೆ. ಅದು ನಮ್ಮದೇ ಕಾಲೇಜಿನ ಅರ್ಥಶಾಸ್ತ್ರದ ಸರ್ ಅವರ ಮಗಳ ಹೆಸರಿನಲ್ಲಿತ್ತು, ಇದೇ ಹುಡುಗಿಯ ಕ್ಲಾಸಿನವಳು. ಇವಳು ಪುಸ್ತಕ ಕೊಟ್ಟ ದಿನವೇ ಅವಳ ಬಾಕಿ ತೀರಿತ್ತು! ಅವಳ ನೋ ಡ್ಯೂಸ್ ಫಾರ್ಮನ್ನು ಅವಳಪ್ಪ ಪಡಸಾಲೆಯಲ್ಲಿ ಎದುರಿಗೆ ಸಿಕ್ಕಾಗ ನನ್ನತ್ತ ಚಾಚಿದ್ದರು. ನಾನು ಗೋಡೆಗೆ ಆನಿಸಿಯೇ ಸಹಿ ಹಾಕಿ ಕೊಟ್ಟಿದ್ದೆ. ಕಂಪ್ಯೂಟರ್ ನೋಡಿದ್ದರೂ ಶುದ್ಧವೇ ಕಾಣುತ್ತಿತ್ತು, ಖರೆ. ಆದರೆ ನಾನು ನೋಡಿರಲೇ ಇಲ್ಲ. ಆ ಹುಡುಗಿ ಧಾರವಾಡಕ್ಕೆ ಹೋಗಿ ಎಂ.ಎ. ಸೇರಿಯೂ ಆಗಿತ್ತು.

"ಅತ್ತಿ ಒಡದ ಗಡಿಗಿಗೆ ಬೆಲಿ ಇಲ್ರಿ ಬಾಯಾರ," ಎಂದ ಕಾಕಾ, ಚಹಾದ ಬಟ್ಟಲಿನೊಳಗೆ ನೋಡುತ್ತ.

ಅವನನ್ನು ದುರುಗುಟ್ಟಿ ನೋಡಿ, ಮುಧೋಳದಲ್ಲಿರುವ ಸರ್ ಅವರ ಮನೆಗೆ ಫೋನ್ ಹಚ್ಚಿದೆ. ಅವರೇ ಎತ್ತಿದರು. ಸಂಗತಿ ಹೇಳಿದೆ. ನಕ್ಕರು. "ಹೌದ್ರಿ ಮೇಡಂ, ಇಲ್ಲೇ ಟಿ.ವಿ. ಮ್ಯಾಲೆ ಐತಿ. ದಿನಾ ನೋಡತೇನಿ, ಮರೀತೇನಿ."

"ಇರಲಿ ಬಿಡ್ರಿ ಸರ್. ಯಾವಾಗರೆ ಲೈಬ್ರರಿ ಕಡೆ ಬಂದಾಗ ತರ್ರಿ. ಅವಸರ ಏನಿಲ್ರಿ," ಅಂದೆ. ನನ್ನ ದನಿ ಬೆಣ್ಣೆಯಂತಿತ್ತು.

ಫೋನ್ ಇಟ್ಟು ತಲೆ ಎತ್ತಿದರೆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವವರಂತೆ ಕೇಳಿದಳು:

"ಅವರಿಗೆ ಅವಸರ ಇಲ್ಲೇನ್ರಿ ಮೇಡಂ?"

ತಾಯಿ ಅವಳ ಕೈ ಜಿಗುಟಿದಳು. ಕಾಕಾ ಕೆಮ್ಮಿದ. ನನ್ನ ಕಿವಿ ಬಿಸಿಯಾದವು. ಸೋಮವಾರದಿಂದ ನಾನು ಇವಳ ಜೊತೆ ಆಡಿದ ದನಿಯೂ ಈಗ ಆಡಿದ ದನಿಯೂ ಒಂದೇ ಬಾಯಿಂದ ಬಂದಿದ್ದವು, ಎರಡನ್ನೂ ಅವಳು ಕೇಳಿದ್ದಳು.

ಮತ್ತೆ ಅದೇ ನಂಬರ್ ಒತ್ತಿದೆ.

"ಸರ್, ನಾನ ಮತ್ತ. ಆಗ ತಪ್ಪು ಹೇಳಿದೆ. ಅವಸರ ಐತ್ರಿ. ಆ ಪುಸ್ತಕ ನಾಳಿ ಹನ್ನೊಂದರೊಳಗ ನನ್ನ ಟೇಬಲ್ ಮ್ಯಾಲೆ ಇರಬೇಕ್ರಿ. ಕನ್ನಡ ಮಾಧ್ಯಮದ ಹುಡುಗರು ಅದಕ್ಕ ಕಾಯಾಕತ್ತಾರ."

ಅತ್ತ ಕಡೆ ಟಿ.ವಿ. ಸದ್ದು ಸಣ್ಣದಾಯಿತು. ಆಮೇಲೆ, "ಆತ್ರಿ ಮೇಡಂ, ತರ್ತೇನಿ," ಎಂದರು. ಈ ಸಲ ನಗಲಿಲ್ಲ.

ನನಗೆ ನಿಜಕ್ಕೂ ಹಗುರಾಯಿತು, ಟಿ.ಸಿ. ಬಂದಾಗ ಆದದ್ದಕ್ಕಿಂತ ಹೆಚ್ಚು. ಬಸ್ಸಿನ ಹೊತ್ತಾಗಿತ್ತು, ಇಬ್ಬರೂ ಎದ್ದರು. ಹುಡುಗಿ ಟಿ.ಸಿ.ಯನ್ನು ಚೀಲದೊಳಗೆ ಇಟ್ಟು ಜಿಪ್ ಎಳೆದಳು. ತಾಯಿ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. ಕುಹಕದ ಹೆಂಗಸಲ್ಲ ಅವಳು, ಮನಸ್ಸಿನಿಂದಲೇ ಹೇಳಿದಳು:

"ಅಕ್ಕಾರ, ಆ ಸರ್ ಅವರಿಗೆ ಬೈಬ್ಯಾಡ್ರಿ. ಮೂರ ಮೂರ ಸಲ ಅಡ್ಡಾಡಸಬ್ಯಾಡ್ರಿ. ಭಾಳ ತ್ರಾಸ ಆಗತೈತ್ರಿ, ಪಾಪ."