ಸುಮಿಯಕ್ಕನ ಸರದಿ

ನಮ್ಮ ತೊಚಿಹಿರಾ ಊರಿನ ಇಸೆ ಕೂಟದಲ್ಲಿ ಹೆಂಗಸರಿಗೆ ಕಡ್ಡಿ ಇರಲಿಲ್ಲ. ಕಡ್ಡಿ ಇದ್ದದ್ದು ಮನೆಗೆ, ಅಂದರೆ ಮನೆಯ ಯಜಮಾನನಿಗೆ. ಹೊಸ ವರ್ಷ ಕಳೆದ ಮೇಲೆ ಮುಖಂಡನ ಮನೆಯಲ್ಲಿ ಎಲ್ಲರೂ ಸೇರಿ ಹೂಜಿಯಿಂದ ಮನೆಯ ಹೆಸರು ಬರೆದ ಒಂದು ಬಿದಿರು ಕಡ್ಡಿ ಎತ್ತುತ್ತಾರೆ. ಯಾರ ಮನೆಯ ಹೆಸರು ಬಂತೋ ಅವರು ವಸಂತದಲ್ಲಿ ಇಡೀ ಊರಿನ ಪರವಾಗಿ ಇಸೆಯ ಗುಡಿಗೆ ಹೋಗಿ, ಕೈಮುಗಿದು, ಮನೆಮನೆಗೂ ರಕ್ಷೆ ತರಬೇಕು. ಒಮ್ಮೆ ಹೊರಬಂದ ಕಡ್ಡಿ ಉಳಿದ ಮನೆಗಳ ಸರದಿ ಮುಗಿಯುವ ತನಕ ಹೂಜಿಗೆ ಮರಳುವುದಿಲ್ಲ. ಇಸೆ ಮುಗಿಸಿ ನಾರಾ, ಕ್ಯೋಟೋ ಸುತ್ತಿಕೊಂಡು ಬರುವುದು ಅಜ್ಜಂದಿರ ಕಾಲದಿಂದಲೂ ನಡೆದುಬಂದದ್ದು. ದೇವರ ಹೆಸರಲ್ಲಿ ಗಂಡಸರ ಮೋಜು ಎಂದು ನಮ್ಮ ಅತ್ತೆ ಮೂಗು ಮುರಿಯುತ್ತಿದ್ದರು.

ನನ್ನ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯ ಕಡ್ಡಿ ನನಗೆ ಬಂತು. ನಾನು ಹೋಗಿಯೂ ಬಂದೆ, ರೈಲಿನಲ್ಲಿ ಅರ್ಧ ದಾರಿ ನಿದ್ದೆ ಹೊಡೆದೆ. ಪಕ್ಕದ ಮನೆಯ ಸುಮಿಯಕ್ಕನಿಗೆ ಕಡ್ಡಿ ಸಿಕ್ಕ ಬಗೆಯೇ ಬೇರೆ. ಅವಳ ಗಂಡ ಯಾಸುಕೆ ಲಾರಿ ಓಡಿಸುತ್ತಿದ್ದವನು, ನಗೋಯಾದಲ್ಲಿ ಯಾರದೋ ಜೊತೆ ಸಂಸಾರ ಹೂಡಿ ಅಲ್ಲೇ ಉಳಿದುಬಿಟ್ಟ. ಹಿಂತಿರುಗಿಯೂ ನೋಡಲಿಲ್ಲ, ಆ ಮನೆಯ ಕಡ್ಡಿ ಇವಳ ಪಾಲಿಗೆ ಬಂತು. ಇವಳು ಅವನ ಅಪ್ಪ ಅಮ್ಮನಿಗೆ ಗಂಜಿ ಕುಡಿಸಿ, ಮೈ ಒರೆಸಿ, ಉಳಿದ ಹೊತ್ತಿನಲ್ಲಿ ಕ್ಯೋಟೋದ ಅಂಗಡಿಯೊಂದಕ್ಕೆ ಕಿಮೋನೋ ಹೊಲಿದುಕೊಂಡು ಬದುಕಿದಳು. ಬಟ್ಟೆ ಅಂಚೆಯಲ್ಲಿ ಬರುತ್ತಿತ್ತು, ಹೊಲಿದ ಕಿಮೋನೋ ಅಂಚೆಯಲ್ಲಿ ಹೋಗುತ್ತಿತ್ತು.

ವಿಚ್ಛೇದನ ತಗೋ ಎಂದು ನಾನು ಬಾಯಿ ಬಡಿದುಕೊಂಡೆ. ತಗೊಂಡರೆ ಅವಳು ಆ ಮನೆಯವಳಲ್ಲ, ಆ ಮನೆಯ ಕಡ್ಡಿಯೂ ಅವಳದಲ್ಲ.

"ಒಂದು ಬಿದಿರು ಕಡ್ಡಿಗೋಸ್ಕರ ಆ ನಾಲಾಯಕ್ಕಿನ ಹೆಸರು ಹೊತ್ಕೊಂಡು ಕೂತಿದೀಯಲ್ಲ, ನಿಂಗೇನು ತಲೆ ಕೆಟ್ಟಿದೆಯಾ?" ಎಂದಿದ್ದೆ.

"ಹೆಸರೇನು ಭಾರನಾ ತೊಮಿ? ಇದ್ರೆ ಇರ್ಲಿ ಬಿಡು."

ಅವಳ ಕಡ್ಡಿ ಹಿಂದೆಯೂ ಬಂದಿತ್ತು. ಒಮ್ಮೆ ಬಂದಾಗ ಮಾವ ಸತ್ತರು, ಇನ್ನೊಮ್ಮೆ ಬಂದಾಗ ಅತ್ತೆ. ನಮ್ಮಲ್ಲಿ ಸಾವಾದ ಮನೆಗೆ ಒಂದು ವರ್ಷ ಸೂತಕ, ಗುಡಿಯ ಬಾಗಿಲು ದಾಟುವಂತಿಲ್ಲ. ಇನ್ನೂ ಹೊರಟಿರಲಿಲ್ಲವಾದ್ದರಿಂದ ಎರಡು ಸಲವೂ ಕಡ್ಡಿಯನ್ನು ಹೂಜಿಗೆ ವಾಪಸು ಹಾಕಿ ಬೇರೆ ಎತ್ತಿದರು.

ಈ ವರ್ಷ ಹೂಜಿಯಲ್ಲಿ ಉಳಿದದ್ದು ಅವಳ ಕಡ್ಡಿ ಒಂದೇ. ಕೂಟದಲ್ಲೂ ನಾವು ನಾಲ್ಕೈದು ಮುದಿಜೀವಗಳು ಬಿಟ್ಟರೆ ಯಾರೂ ಇಲ್ಲ. ಆದರೂ ಮುಖಂಡ ಇವಾಕಿಚಿ ಅಜ್ಜ ಹೂಜಿಯನ್ನು ಶಾಸ್ತ್ರವಾಗಿ ಕುಲುಕಿ ಅವಳ ಮುಂದೆ ಹಿಡಿದ.

"ಎತ್ತಿ ಸುಮಿಯೆ ಅವರೇ."

"ಇರೋದೇ ಒಂದಲ್ವಾ ಅಜ್ಜ..."

"ಇದ್ರೇನಂತೆ? ನೋಡದೆ ಎತ್ತಬೇಕು. ಕಣ್ಣು ಮುಚ್ಕೊಳ್ಳಿ."

ಅವಳು ನಿಜಕ್ಕೂ ಕಣ್ಣು ಮುಚ್ಚಿಕೊಂಡು ಕೈ ಹಾಕಿದಳು. ಹೆಸರು ಓದಿದಾಗ ಮದುವಣಗಿತ್ತಿಯ ಹಾಗೆ ನಾಚಿ ಕೆಂಪಾದಳು. ದಾರಿಯಲ್ಲಿ ಬರುತ್ತಾ ನನ್ನ ತೋಳು ಹಿಡಿದು, "ಈ ಸಲ ಹೋಗೇ ಹೋಗ್ತೀನಿ ತೊಮಿ. ನಮ್ಮನೇಲಿ ಸಾಯೋಕೆ ಇನ್ಯಾರೂ ಉಳಿದಿಲ್ಲ" ಎಂದು ನಕ್ಕಳು. ನಾನೂ ನಕ್ಕೆ.

ಆ ಚಳಿಗಾಲವೆಲ್ಲ ಅವಳ ಮನೆಯಲ್ಲಿ ಅಡಿಯಲ್ಲಿ ಬೆಚ್ಚಗಿರುವ ಕೊತಾತ್ಸು ಮೇಜಿನ ರಜಾಯಿಯೊಳಗೆ ಕಾಲು ಚಾಚಿಕೊಂಡು, ಸೊಪ್ಪಿನ ಉಪ್ಪಿನಕಾಯಿ ಕಡಿಯುತ್ತಾ, ನಾವು ಪ್ರವಾಸ ಮಾಡಿದೆವು. ಬೆಳಗಿನ ಬಸ್ಸಿಗೆ ನಗೋಯಾ, ಅಲ್ಲಿಂದ ರೈಲಿನಲ್ಲಿ ಇಸೆ. ಮೊದಲು ಹೊರಗುಡಿ, ಆಮೇಲೆ ಒಳಗುಡಿ. ಯಾಗಿಯಲ್ಲಿ ರೈಲು ಬದಲಿಸಿ ನಾರಾ, ದೊಡ್ಡ ಬುದ್ಧ, ಜಿಂಕೆಗಳು. ಕೊನೆಗೆ ಕ್ಯೋಟೋ. ಅಲ್ಲಿ ಸಕುರಾ ಹೂ ಉದುರುವ ಹೊತ್ತಿಗೆ ನಮ್ಮಲ್ಲಿ ಇನ್ನೂ ಮೊಗ್ಗು, ಆದ್ದರಿಂದ ಒಂದೇ ವರ್ಷ ಎರಡು ವಸಂತ ನೋಡಬಹುದೆಂದು ಅವಳ ಲೆಕ್ಕಾಚಾರ. ದೇವಸ್ಥಾನದ ತೋಟ, ವಸಂತದ ನೃತ್ಯ, ನದೀದಂಡೆಯ ಚಹಾದಂಗಡಿ, ಯಾವುದನ್ನು ಎತ್ತಿದರೂ ಅವಳ ಮಾತು ಸುತ್ತಿ ಬಂದು ಒಂದೇ ಕಡೆ ನಿಲ್ಲುತ್ತಿತ್ತು.

"ಕಿಮೋನೋ ಉಟ್ಟೋರು ಓಡಾಡೋದನ್ನ ನೋಡ್ಬೇಕು ಕಣೇ. ನಾನು ಮಡಚಿಟ್ಟಿದ್ದೇ ಬಂತು. ಅದು ನಡೆದಾಡೋದನ್ನ ಒಂದ್ಸಲನಾದ್ರೂ ನೋಡ್ಬೇಕು."

"ನಿನ್ನ ಹೊಲಿಗೆ ಅಂತ ಹೇಗೆ ಗೊತ್ತಾಗುತ್ತೆ? ಯಾರೋ ಹೆಂಗಸಿನ ಕಿಮೋನೋ ಅಂಚು ಎತ್ತಿ ನೋಡ್ತೀಯಾ?"

"ಥೂ, ನಿನ್ನ ಬಾಯಿಗೆ ಬೀಗ ಹಾಕ!"

ತನಗಾಗಿ ಮೊದಲ ಸಲ ಒಂದು ಕಿಮೋನೋ ಹೊಲಿದುಕೊಂಡಳು, ಎಳೆ ಹುಲ್ಲಿನ ಬಣ್ಣದ್ದು. ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾವಿಬ್ಬರೂ ಅದನ್ನು ಮಡಚುತ್ತಿದ್ದೆವು. ಸಂಜೆ ಇವಾಕಿಚಿ ಅಜ್ಜನ ಮನೆಯಲ್ಲಿ ಬೀಳ್ಕೊಡುಗೆಯ ಸಾಕೆ ಮದ್ಯ ಇತ್ತು. ಆಗ ಫೋನು ಬಡಿದುಕೊಂಡಿತು.

ಸುಮಿಯಕ್ಕ ಎತ್ತಿದಳು. ಆ ಕಡೆಯದು ಹೆಂಗಸಿನ ದನಿ. ಇವಳು ಬಹಳ ಹೊತ್ತು ಬರೇ "ಹೌದು, ಹೌದು" ಎನ್ನುತ್ತಿದ್ದಳು. ಕೊನೆಗೆ ಫೋನು ಕಿವಿಯಲ್ಲಿಟ್ಟುಕೊಂಡೇ ಸೊಂಟ ಬಗ್ಗಿಸಿ ನಮಸ್ಕರಿಸಿ, "ಇಷ್ಟು ವರ್ಷ ನಮ್ಮ ಯಜಮಾನರನ್ನ ನೋಡ್ಕೊಂಡ್ರಿ. ನಿಮಗೆ ತುಂಬಾ ತೊಂದರೆ ಆಯ್ತು" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಯಾಸುಕೆ ಆ ದಿನ ಬೆಳಿಗ್ಗೆ ಸತ್ತಿದ್ದ. ದಾಖಲೆಯಲ್ಲಿ ಹೆಂಡತಿ ಇವಳು, ಬಂದು ಸುಟ್ಟು ಮೂಳೆ ತಗೊಂಡು ಹೋಗಿ ಎಂದು ಅವನ ಜೊತೆ ಬಾಳಿದವಳು ಕರೆದಿದ್ದಳು.

"ನಾನು ಏನೂ ಕೇಳಿಸ್ಕೊಂಡಿಲ್ಲ," ನಾನು ಹೇಳಿದೆ. "ನೀನೂ ಕೇಳಿಸ್ಕೊಂಡಿಲ್ಲ. ನಾಳೆ ಬೆಳಿಗ್ಗೆ ಬಸ್ಸು ಹತ್ತು. ಬಂದ್ಮೇಲೆ ನೋಡ್ಕೊಂಡ್ರಾಯ್ತು."

"ಸೂತಕ ಬಂತಲ್ಲ ತೊಮಿ."

"ಎಂಥಾ ಸೂತಕ? ಗಂಡ ಅನ್ನೋ ಹಾಗೆ ಅವನು ಇದ್ದದ್ದು ಯಾವಾಗ? ಇದ್ದಾಗ ಸುಖ ಕೊಡ್ಲಿಲ್ಲ, ಈಗ ಸತ್ತೂ ಅಡ್ಡ ಬಂದು ಮಲಗಿದಾನಾ?"

"ನಾನೊಬ್ಬಳೇ ಹೋಗೋದಾಗಿದ್ರೆ ಏನಾದ್ರೂ ಆಗ್ಲಿ ಅನ್ತಿದ್ದೆ. ನಿಮ್ಮೆಲ್ಲರ ಹೆಸರು ಹೊತ್ಕೊಂಡು ಹೋಗ್ಬೇಕು. ಇವಾಕಿಚಿ ಅಜ್ಜನ ಹೆಂಡತಿ ಹಾಸಿಗೆ ಹಿಡಿದಿದಾರೆ. ನಾಳೆ ಅವ್ರಿಗೆ ಏನಾದ್ರೂ ಆದ್ರೆ ನಾನು ಅಜ್ಜನ ಮುಖ ಹೇಗೆ ನೋಡ್ಲಿ?"

"ಹಾಗಾದ್ರೆ ಇಸೆ ಬಿಡು. ನಾರಾ, ಕ್ಯೋಟೋ ಬುದ್ಧನ ಜಾಗ, ಅಲ್ಲಿ ಸೂತಕ ಇಲ್ಲ. ಅಷ್ಟಾದ್ರೂ ನೋಡ್ಕೊಂಡು ಬಾ."

"ಕೂಟದ ಕೆಲಸ ಬಿಟ್ಟು ಬರೇ ತಿರುಗಾಟಕ್ಕಾ?"

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹಸಿರು ಕಿಮೋನೋವನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟು, ಕಪ್ಪು ಕಿಮೋನೋ ಹೊರಗೆ ತೆಗೆದಳು.

ಸಂಜೆ ಇವಾಕಿಚಿ ಅಜ್ಜ ತಲೆ ಕೆರೆದುಕೊಂಡು ತೀರ್ಮಾನ ಕೊಟ್ಟ. ಗುಡಿಗೆ ಬರುವ ದಿನ ತಿಳಿಸಿಯಾಗಿದೆ, ಪ್ರಾರ್ಥನೆ ನಿಗದಿಯಾಗಿದೆ, ಈಗ ತಪ್ಪಿಸುವಂತಿಲ್ಲ. ನಡೆಯಲು ಕಾಲಿರುವವಳು ತೊಮಿಕೊ ಒಬ್ಬಳೇ, ಅವಳು ಸುಮಿಯೆಯ ಬದಲಿಗೆ ಹೋಗಲಿ. ನಾನು ಹಾರಾಡಿದೆ. ಸುಮಿಯಕ್ಕ ನನ್ನ ಮುಂದೆ ನೆಲಕ್ಕೆ ಹಣೆ ಮುಟ್ಟಿಸಿ ಕೇಳಿಕೊಂಡಳು. ಇನ್ನೇನು ಮಾಡಲಿ?

ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತಿದೆವು, ನಾನು ಅವಳ ಪ್ರವಾಸಕ್ಕೆ, ಅವಳು ತನ್ನ ಗಂಡನ ಮೂಳೆಗೆ. ದಾರಿಯುದ್ದಕ್ಕೂ ಅವಳು, "ಯಾಗಿಯಲ್ಲಿ ಮರೀದೆ ಇಳಿ. ಮಲಗಿಬಿಡ್ಬೇಡ. ಕ್ಯೋಟೋದಲ್ಲಿ ಬೆಳಿಗ್ಗೆನೇ ಹೋಗು, ಆಮೇಲೆ ಜನ ಜಾಸ್ತಿ" ಎಂದು ಹೇಳುತ್ತಲೇ ಇದ್ದಳು. ನಗೋಯಾದ ನಿಲ್ದಾಣದ ಜನಜಂಗುಳಿಯಲ್ಲಿ ನನಗೆ ಕೈಬೀಸಿ ತಿರುಗಿ ನಡೆದಳು. ನಾನು ರೈಲಿನಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತೆ.

ಇಸೆಯಲ್ಲಿ ಅವಳ ಹೆಸರು ಹೇಳಿ ಕೈಮುಗಿದೆ. ಕ್ಯೋಟೋದಲ್ಲಿ ಮಳೆ ಹಿಡಿದುಕೊಂಡಿತ್ತು. ಬೀದಿತುಂಬ ಕಿಮೋನೋ ಉಟ್ಟ ಹುಡುಗಿಯರಿದ್ದರು, ಎಲ್ಲ ಬಾಡಿಗೆಯವು, ಮೆಷಿನ್ನಿನ ಹೊಲಿಗೆಯವು. ಅಂಚು ನೆಂದದ್ದಕ್ಕೆ ಕಿಲಕಿಲ ನಗುತ್ತಿದ್ದರು. ಇದನ್ನು ಅವಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ ಒಂದು ಸೂರಿನ ಕೆಳಗೆ ಬಹಳ ಹೊತ್ತು ನಿಂತಿದ್ದೆ.

ನಾನು ಮರಳಿದ ಸಂಜೆ ಕೂಟದವರು ಸಾಕೆಯೊಂದಿಗೆ ಎದುರುಗೊಂಡರು. ಸೂತಕದ ಸುಮಿಯಕ್ಕ ಬರುವಂತಿರಲಿಲ್ಲ. ಇವಾಕಿಚಿ ಅಜ್ಜ ಎಲ್ಲರಿಗೂ ಬಗ್ಗಿ ನಮಸ್ಕರಿಸಿ, "ಎಲ್ಲ ಮನೆಗಳ ಸರದಿ ಮುಗೀತು. ಇನ್ನು ಹೋಗೋ ಶಕ್ತಿ ಯಾರಿಗೂ ಇಲ್ಲ. ಕೂಟ ಇಲ್ಲಿಗೆ ಸಾಕು ಮಾಡೋಣ" ಎಂದ.

"ಮುಗೀತಾ? ಸುಮಿಯಕ್ಕ ಇಸೆಗೆ ಎಲ್ಲಿ ಹೋದ್ಲು? ಅವಳ ಕಡ್ಡಿ ವಾಪಸು ಹಾಕಿ!" ನಾನು ಕೂಗಿದೆ.

"ನೀವು ಅವರ ಹೆಸರಲ್ಲಿ ಹೋಗಿ ಬಂದ್ರಲ್ಲ ತೊಮಿಕೊ ಅವರೇ."

"ಹೋಗಿದ್ದು ನಾನು!"

"ಒಬ್ಬರು ಹೋದ್ರೆ ಎಲ್ಲರೂ ಹೋದಂಗೆ," ಅಜ್ಜ ಮೆಲ್ಲಗೆ ಹೇಳಿದ. "ಹಾಗಲ್ಲ ಅಂತಾದ್ರೆ ನಾವು ಇಷ್ಟು ಕಾಲ ಮಾಡಿದ್ದಾದ್ರೂ ಏನು?"

 ನಾನು ಅವಳ ಪಾಲಿನ ರಕ್ಷೆ ಎತ್ತಿಕೊಂಡು ಮನೆಗೆ ಹೊರಟೆ.

ಮಾರನೇ ದಿನ ಅವಳ ಮನೆಗೆ ಹೋದೆ. ರಕ್ಷೆಯನ್ನು ಅವಳು ಒಳಗೆ ಬಿಟ್ಟುಕೊಳ್ಳುವಂತಿರಲಿಲ್ಲ, ಅದನ್ನು ನನ್ನ ಮನೆಯಲ್ಲೇ ಇಟ್ಟಿದ್ದೆ. ಬಿಳಿ ಬಟ್ಟೆ ಸುತ್ತಿದ ಯಾಸುಕೆಯ ಮೂಳೆಯ ಡಬ್ಬಿ ಬುದ್ಧನ ಪೀಠದ ಮುಂದೆ ಕೂತಿತ್ತು, ಕೊನೆಗೂ ಮನೆಗೆ ಬಂದ ಧಣಿ. ಕ್ಯೋಟೋ ಹೇಗಿತ್ತೆಂದು ಅವಳು ಕೇಳಿದಳು. ತುಂಬ ಚೆನ್ನಾಗಿತ್ತು ಎಂದೆ. ಕಿಮೋನೋ? ತುಂಬ ಜನ ಉಟ್ಟಿದ್ದರು ಎಂದೆ. ಅವಳು ತಲೆದೂಗುತ್ತಾ ಚಹಾ ಬಗ್ಗಿಸಿದಳು. ಕೂಟ ಮುಚ್ಚಿದ ಸುದ್ದಿಯನ್ನೂ ಹೇಳಿದೆ. ಅದಕ್ಕೂ ತಲೆದೂಗಿದಳು.

ನನಗೆ ತಡೆಯಲಾಗಲಿಲ್ಲ. "ಹಾಳಾಗ್ಲಿ ಕೂಟ. ಬರೋ ವಸಂತಕ್ಕೆ ಸೂತಕ ಕಳೆಯುತ್ತೆ. ನಾವಿಬ್ರೇ ಹೋಗೋಣ ಅಕ್ಕ. ಕಡ್ಡಿ ಬೇಡ, ಹೂಜಿ ಬೇಡ. ಸುಮ್ನೆ ಟಿಕೆಟ್ ತಗೊಂಡು ಹೋಗೋಣ."

"ಯಾರ ಪರವಾಗಿ?"

"ಯಾರ ಪರವಾಗಿಯೂ ಅಲ್ಲ. ನೀನು ನೋಡ್ಬೇಕು ಅಂತ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ತಮಾಷೆ ಮಾಡುತ್ತಿದ್ದೇನೆಯೋ ಏನೋ ಎಂದು ಅನುಮಾನವಾಗಿರಬೇಕು. ಆಮೇಲೆ ನಿಜಕ್ಕೂ ಅರ್ಥವಾಗದವಳ ಹಾಗೆ ಕೇಳಿದಳು:

"ಬರೀ ನನಗೋಸ್ಕರ ಅಷ್ಟು ದೂರ ಯಾಕೆ ಹೋಗ್ಬೇಕು ತೊಮಿ?"