ಎರಡು ಮೋಡದ ದಿನಗಳ ಲೆಕ್ಕ

ಎಡಗೈಯಲ್ಲಿ ಎರಡು ಚಿನ್ನದ ಬಳೆ, ಅವುಗಳ ನಡುವೆ ಕಪ್ಪು ಇನ್ಸುಲೇಷನ್ ಟೇಪಿನ ಒಂದು ಸುರುಳಿ. ನಮ್ಮ ಎದುರು ಫ್ಲ್ಯಾಟಿನ ಆಂಟಿಯನ್ನು ನಾನು ಮೊದಲ ಸಲ ನೋಡಿದ್ದು ಹಾಗೆ. ದಿಲ್ಲಿಯ ಮಯೂರ್ ವಿಹಾರ್‌ನ ಹೌಸಿಂಗ್ ಸೊಸೈಟಿಗೆ ನಾವು ಸಾಮಾನು ಇಳಿಸುತ್ತಿದ್ದ ದಿನ ಅವರು ಸ್ಟೂಲಿನ ಮೇಲೆ ನಿಂತು ಮೆಟ್ಟಿಲ ಲೈಟಿನ ವೈರಿಗೆ ಟೇಪು ಸುತ್ತುತ್ತಿದ್ದರು. "ಅಯ್ಯೋ, ಬಿದ್ದುಬಿಟ್ಟಾರು ರೀ" ಎಂದು ನನ್ನ ಹೆಂಡತಿ ಅಂದದ್ದು ಕೇಳಿಸಿ, ಕೆಳಗೆ ನೋಡದೆಯೇ ಹೇಳಿದರು: "ಓ, ಕನ್ನಡದವರಾ? ಮೊದ್ಲು ಸ್ಟೂಲ್ ಹಿಡ್ಕೊಳಪ್ಪಾ, ಪರಿಚಯ ಆಮೇಲೆ ಮಾಡ್ಕೊಳ್ಳೋಣ."

ಹಾಸನದಿಂದ ಬಂದು ದಿಲ್ಲಿಯಲ್ಲೇ ನಲವತ್ತು ವರ್ಷ ಕಳೆದವರು. ಕೇಂದ್ರ ಸರ್ಕಾರದ ಕಚೇರಿಯೊಂದರ ವಿದ್ಯುತ್ ವಿಭಾಗದಲ್ಲಿ ಇಂಜಿನಿಯರಾಗಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡ ಮೇಲೆ ಮದುವೆಯಾಗದ ತಂಗಿಯ ಜೊತೆ ಇದ್ದರು. ಯಾರ ಮನೆಗೆ ಹೋದರೂ ಕೂರುವ ಮೊದಲು ಫ್ರಿಜ್ಜಿನ ಹಿಂದೆ ಕೈಯಿಟ್ಟು ಬಿಸಿ ನೋಡುವುದು, ಮಿಕ್ಸಿಯನ್ನು ಬುಡಮೇಲು ಮಾಡಿ ಅಡಿಯಲ್ಲಿ ಅಂಟಿಸಿದ ಲೇಬಲ್ ಓದುವುದು ಅವರ ಅಭ್ಯಾಸ. ಇನ್‌ವರ್ಟರ್ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಕಂಪನಿಯ ಹೆಸರು ಹೇಳುತ್ತಲೇ ಇರಲಿಲ್ಲ. "ಏನೇನು ಓಡಿಸ್ತೀರಿ? ಎಷ್ಟೆಷ್ಟು ಹೊತ್ತು? ಅದನ್ನ ಮೊದ್ಲು ಬರ್ಕೊಂಡು ಬನ್ನಿ" ಎನ್ನುತ್ತಿದ್ದರು.

ನಮ್ಮ ಮಗಳಿಗೆ ಆಗ ಒಂಬತ್ತು ವರ್ಷ. ಅವಳಿಗೆ ಆಸ್ತಮಾ. ನವೆಂಬರ್ ಬಂದು ದಿಲ್ಲಿಯ ಗಾಳಿ ಕೆಟ್ಟರೆ ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಮೆಷಿನ್ನಿನ ಪಕ್ಕದಲ್ಲೇ ಅವಳ ದಿನ ಕಳೆಯುತ್ತಿತ್ತು. ಆ ವರ್ಷ ಅವಳ ಗೆಳತಿಯರ ನಾಲ್ಕು ಕುಟುಂಬಗಳು ಗಢವಾಲದ ಬೆಟ್ಟದಲ್ಲಿ ಎರಡು ರಾತ್ರಿ ಟೆಂಟು ಹಾಕಿ ಇರುವುದೆಂದು ನಿಶ್ಚಯಿಸಿದವು. ಅಲ್ಲಿ ಕರೆಂಟಿಲ್ಲ. "ಪಪ್ಪಾ, ಇಸ್ ಬಾರ್ ನಾನೂ ಹೋಗ್ತೀನಿ ನಾ?" ಎಂದು ಮಗಳು ಕೇಳಿದಾಗ ನನ್ನ ಹೆಂಡತಿ ಮುಖ ತಿರುಗಿಸಿಕೊಂಡಳು. ನಾನು ಮಾರನೆಯ ದಿನವೇ ಕರೋಲ್ ಬಾಗಿನ ಮಾರುಕಟ್ಟೆಗೆ ಹೋಗಿ ಮಡಚುವ ಸೋಲಾರ್ ಪ್ಯಾನೆಲ್ಲು, ಒಳಗೆ ಬ್ಯಾಟರಿಯಿರುವ ಸೂಟ್‌ಕೇಸಿನಂಥ ಒಂದು ಪವರ್ ಬಾಕ್ಸು ತಂದೆ. "ಸಬ್ ಚಲೇಗಾ ಸರ್", ಎಲ್ಲವೂ ಓಡುತ್ತದೆ, ಎಂದಿದ್ದ ಅಂಗಡಿಯವನು.

ನೋಡಲು ಬಂದ ಆಂಟಿ ಬಾಕ್ಸಿನ ಮೇಲೆ ಬರೆದಿದ್ದುದನ್ನು ಕನ್ನಡಕ ಏರಿಸಿ ಓದಿದರು. "ಇದೆಲ್ಲ ಅವರು ಬರೆದಿರೋದು. ಮಗುವಿನ ಮೆಷಿನ್ ತಗೊಂಡ್ ಬಾ, ಹಚ್ಚಿ ನೋಡೋಣ."

ನೆಬ್ಯುಲೈಸರ್ ಸ್ವಿಚ್ ಒತ್ತಿದ ಕ್ಷಣವೇ ಬಾಕ್ಸು ಒಮ್ಮೆ ಕೀರಲು ದನಿ ಮಾಡಿ ಆಫ್ ಆಯಿತು. ಮತ್ತೆ ಒತ್ತಿದೆ. ಮತ್ತೆ ಆಫ್. ಹೆಂಡತಿ ಎದ್ದು ಒಳಗೆ ಹೋದಳು.

"ಇಲ್ಲೇ ಕೈಕೊಟ್ಟಿದ್ದು ಒಳ್ಳೇದಾಯ್ತು ಬಿಡು" ಎಂದರು ಆಂಟಿ. "ಬ್ಯಾಟರಿ ಅಂದ್ರೆ ಟ್ಯಾಂಕು. ಎಷ್ಟು ನೀರಿದೆ ಅನ್ನೋದು ಒಂದು ಲೆಕ್ಕ. ನಲ್ಲಿ ಎಷ್ಟು ದಪ್ಪ ಅನ್ನೋದು ಇನ್ನೊಂದು. ಈ ಮೆಷಿನ್ ಶುರುವಾಗುವಾಗ ಒಂದೇ ಸಲಕ್ಕೆ ಜೋರಾಗಿ ಎಳೆಯುತ್ತೆ. ನಿನ್ನ ನಲ್ಲಿ ಸಣ್ಣದು."

ಆಮೇಲೆ ಊಟದ ಮೇಜಿನಲ್ಲಿ ಕೂರಿಸಿ ಪಟ್ಟಿ ಬರೆಸಿದರು. ನೆಬ್ಯುಲೈಸರ್ ನೂರೈವತ್ತು ವಾಟ್, ಸಲಕ್ಕೆ ಹತ್ತು ನಿಮಿಷ, ದಿನಕ್ಕೆ ನಾಲ್ಕು ಸಲ. ಎರಡು ಪುಟ್ಟ ದೀಪ. ನಮ್ಮಿಬ್ಬರ ಫೋನು. ನಾನು ಎಲೆಕ್ಟ್ರಿಕ್ ಕೆಟಲನ್ನೂ ಬರೆದಿದ್ದೆ. ಅದನ್ನು ಅವರೇ ಹೊಡೆದುಹಾಕಿದರು. "ಟೀ ಬೇಕಾದ್ರೆ ಗ್ಯಾಸ್ ಒಲೆ ಒಯ್ಯಿ." ಒಂದು ದಿನಕ್ಕೆ ಬೇಕಾದದ್ದು ಕೂಡಿ, ನಡುವೆ ಪೋಲಾಗುವುದನ್ನು ಸೇರಿಸಿ, ಆ ಮೊತ್ತವನ್ನು ಎರಡರಿಂದ ಗುಣಿಸಿದರು. ಯಾಕೆಂದರೆ ಎರಡು ದಿನವೂ ಮೋಡ ಕವಿದರೆ ಪ್ಯಾನೆಲ್ಲನ್ನು ನೆಚ್ಚಿಕೊಳ್ಳುವ ಹಾಗಿರಲಿಲ್ಲ. "ಸೂರ್ಯ ಬಂದ್ರೆ ಸಂತೋಷ. ಬರದಿದ್ರೂ ಮಗು ಉಸಿರಾಡಬೇಕಲ್ಲ."

ಮರುದಿನ ಮೆಟ್ರೋದಲ್ಲಿ ನನ್ನೊಡನೆ ಕರೋಲ್ ಬಾಗಿಗೆ ಬಂದರು. ನೆಬ್ಯುಲೈಸರನ್ನು ಚೀಲದಲ್ಲಿ ತಂದಿದ್ದರು. ಅಂಗಡಿಯ ಕೌಂಟರಿನ ಮೇಲಿಟ್ಟು, "ಭಯ್ಯಾ, ಚಲಾಕೇ ದಿಖಾವೋ" ಎಂದು ಓಡಿಸಿ ತೋರಿಸಲು ಹೇಳಿದರು. ಮೂರನೆಯ ಬಾಕ್ಸು ಮೆಷಿನ್ನನ್ನು ಮುಗ್ಗರಿಸದೆ ಓಡಿಸಿತು. ಅದನ್ನೇ ಬದಲಿಗೆ ತೆಗೆದುಕೊಂಡೆವು. ಮನೆಗೆ ಬಂದ ಮೇಲೂ ಬಿಡಲಿಲ್ಲ. ಪಟ್ಟಿಯಲ್ಲಿದ್ದುದನ್ನೆಲ್ಲ ನಾನು ಒಂದು ಇಡೀ ದಿನ ಬಾಲ್ಕನಿಯಲ್ಲಿ ಅದರ ಮೇಲೇ ಓಡಿಸಿ ತೋರಿಸಿದ ಮೇಲಷ್ಟೇ, "ಚಲೋ, ಇನ್ನು ಹೊರಡಿ" ಎಂದರು.

ಬೆಟ್ಟದಲ್ಲಿ ಎರಡು ದಿನವೂ ಮೋಡವೇ. ಸೂರ್ಯ ಮುಖ ತೋರಿಸಿದ್ದು ಒಂದೆರಡು ಗಳಿಗೆ. ಆದರೂ ಮಗಳು ಬಯಲಿನಲ್ಲಿ ಓಡಿದಳು, ನಾನು ಎಂದೂ ನೋಡದಷ್ಟು ಓಡಿದಳು. ಎರಡನೆಯ ಮಧ್ಯಾಹ್ನ ಯಾರೋ ಹಸಿ ಕಟ್ಟಿಗೆ ಉರಿಸಿದರು. ಆ ಹೊಗೆ ಕುಡಿದು ಅವಳಿಗೆ ಉಸಿರು ಕಟ್ಟತೊಡಗಿತು. ಮೆಷಿನ್ ಮೊದಲ ಸಲಕ್ಕೇ ಶುರುವಾಯಿತು. ಸಂಜೆಯೊಳಗೆ ಮೂರು ಸಲ ಹಚ್ಚಬೇಕಾಯಿತು. ಮೂರನೆಯದು ಮುಗಿದಾಗ ಬಾಕ್ಸಿನಲ್ಲಿ ನೂರಕ್ಕೆ ಹನ್ನೊಂದು ಉಳಿದಿತ್ತು. ಅಷ್ಟು ಇಳಿದದ್ದು ನನ್ನಿಂದಲೇ. ಹಿಂದಿನ ದಿನದಿಂದ "ಬಸ್ ಥೋಡಾ ಸಾ", ಸ್ವಲ್ಪವೇ ಸಾಕು, ಎಂದು ಒಬ್ಬೊಬ್ಬರೂ ಚಾರ್ಜಿಗೆ ತಂದ ಫೋನುಗಳಿಗೆ ಬೇಡ ಎನ್ನಲು ನನಗೆ ಬಾಯಿ ಬಂದಿರಲಿಲ್ಲ. ಇನ್ನೊಂದು ಸಲ ಬೇಕಾದರೆ ಎಂದು ಹೆದರುತ್ತ ಮಗಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಪುಣ್ಯಕ್ಕೆ ಬೇಕಾಗಲಿಲ್ಲ.

"ಆಂಟಿ, ಫಸ್ಟ್ ಟೈಮಲ್ಲೇ ಸ್ಟಾರ್ಟ್ ಆಯ್ತು, ಸಚ್ಚೀ!" ಎಂದು ಮಗಳು ವಾಪಸು ಬಂದವಳೇ ಅವರನ್ನು ಅಪ್ಪಿಕೊಂಡಳು. ಆಂಟಿ ಅವಳ ತಲೆಯ ಮೇಲಿಂದ ನನ್ನನ್ನು ನೋಡಿ ಕೇಳಿದರು: "ಕೊನೇಗೆ ಎಷ್ಟು ಉಳೀತು?"

"ಮೂವತ್ತೊಂದು" ಎಂದೆ. ಯಾಕೆ ಹಾಗಂದೆನೋ! ಅವರ ಮುಖ ಎಷ್ಟು ಅರಳಿತೆಂದರೆ ತಿದ್ದಿ ಹೇಳಲು ಮನಸ್ಸಾಗಲಿಲ್ಲ.

ವಾರ ಕಳೆದಿರಬೇಕು. ಲಿಫ್ಟಿನ ಬಳಿ ಆಂಟಿ ನಾಲ್ಕನೆಯ ಮಹಡಿಯ ಪಂಜಾಬಿ ಅಜ್ಜನಿಗೆ ಹಿಂದಿಯಲ್ಲಿ ವಿವರಿಸುತ್ತಿದ್ದರು. ಅಜ್ಜನ ಹೆಂಡತಿಗೂ ಉಬ್ಬಸ. ಇಬ್ಬರೂ ತೀರ್ಥಯಾತ್ರೆಗೆ ಹೊರಟಿದ್ದರು, ದಾರಿಯಲ್ಲಿ ಟೆಂಟಿನ ವಾಸ. ಇದೇ ಬಾಕ್ಸು ತೆಗೆದುಕೊಳ್ಳಿ, ನಮ್ಮ ಎದುರುಮನೆ ಹುಡುಗ ಓಡಿಸಿ ನೋಡಿದ್ದಾನೆ, ಮೂರರಲ್ಲಿ ಒಂದು ಪಾಲು ಹಾಗೇ ಉಳಿದಿತ್ತು ಎನ್ನುತ್ತಿದ್ದರು. ಲೇಬಲ್ಲನ್ನು ನಂಬದ ಹೆಂಗಸು ನನ್ನ ಮಾತನ್ನು ನಂಬಿದ್ದರು.

ಅಂದು ಸಂಜೆ ಹೋಗಿ ನಿಜ ಹೇಳಿದೆ. ಅವರು ಕಾಫಿ ಸೋಸುವುದನ್ನು ನಿಲ್ಲಿಸಿ ಕುರ್ಚಿಯಲ್ಲಿ ಕೂತರು. ಬೈಯುತ್ತಾರೆಂದು ಕಾದೆ.

"ನಮ್ಮೆಜಮಾನ್ರಿಗೆ ಕೊನೇ ವರ್ಷ ಆಕ್ಸಿಜನ್ ಮೆಷಿನ್ ಇತ್ತು" ಎಂದರು. "ಕರೆಂಟ್ ಹೋದ್ರೆ ಮೂರು ಗಂಟೆ ತಡೆಯುತ್ತೆ ಅಂತ ಇನ್‌ವರ್ಟರ್ ಮೇಲೆ ಬರೆದಿತ್ತು. ನಾನು ಇಂಜಿನಿಯರು. ಒಂದು ದಿನ ಓಡಿಸಿ ನೋಡ್ಲಿಲ್ಲ. ಮೇ ತಿಂಗಳಲ್ಲಿ ಕರೆಂಟ್ ಹೋಯ್ತು, ನಲವತ್ತು ನಿಮಿಷಕ್ಕೆ ನಿಂತ್ಹೋಯ್ತು. ಪಕ್ಕದ ಬ್ಲಾಕಿನವರ ಕಾರಲ್ಲಿ ಆಸ್ಪತ್ರೆಗೆ ಒಯ್ದ್ವಿ. ಅವತ್ತು ಉಳಿದ್ರು. ಆದ್ರೆ ಕಾರಲ್ಲಿ ಅವರು ನನ್ನ ಕಡೆ ನೋಡಿದ ನೋಟ ಇದೆಯಲ್ಲ..."

ಎದ್ದು ನನ್ನಿಂದ ಆ ಹಳೆಯ ಪಟ್ಟಿಯನ್ನು ತರಿಸಿಕೊಂಡು, ಕೆಳಗೆ ಒಂದು ಸಾಲು ಸೇರಿಸಿದರು: 'ಬೇಡ ಅನ್ನಲಾಗದವರ ಫೋನುಗಳು, ಹತ್ತು.' "ತಪ್ಪು ನಂದೂ ಇದೆ" ಎಂದರು. "ನೀನು ಎಂಥವನು ಅಂತ ಗೊತ್ತಿದ್ದೂ ನಾನು ಇದನ್ನ ಸೇರಿಸ್ಲಿಲ್ಲ. ನಡಿ, ಮೇಲೆ ಹೋಗಿ ಅವರಿಗೆ ಹೇಳೋಣ. ನೀನೇ ಹೇಳ್ಬೇಕು." ಹೇಳಿದೆ. ಅಜ್ಜ ನಕ್ಕು ನನ್ನ ಭುಜ ತಟ್ಟಿ, ಇನ್ನೂ ದೊಡ್ಡ ಬಾಕ್ಸು ಕೊಂಡರು.

ಈ ವರ್ಷ ಹೋಳಿ ಕಳೆದ ಮೇಲೆ ಆಂಟಿ ಹೃದಯಾಘಾತದಿಂದ ತೀರಿಕೊಂಡರು. ಹದಿಮೂರನೆಯ ದಿನ ಊಟ ಬಡಿಸುತ್ತಿದ್ದ ಅವರ ತಂಗಿ ನನ್ನ ಎಲೆಯ ಮುಂದೆ ನಿಂತು ಹೇಳಿದರು: "ಅಕ್ಕ ನಿನ್ನ ವಿಷಯ ಹೇಳ್ತಿದ್ಲಪ್ಪ. ಸರ್ವೀಸಲ್ಲಿ ಇಡೀ ಆಯಸ್ಸು ಎಷ್ಟೋ ಜನರ ಲೆಕ್ಕ ನೋಡಿದೀನಿ, ತಪ್ಪು ಲೆಕ್ಕ ಕೊಟ್ಟು ತಾನಾಗೇ ಬಂದು ಒಪ್ಕೊಂಡೋನು ಇವನೊಬ್ಬನೇ ಅಂತ."

ಆಂಟಿಯ ಬಾಯಲ್ಲಿ ಒಂದು ಒಳ್ಳೆಯ ಮಾತು ಕೇಳಬೇಕೆಂದೇ ನಾನು ಅವತ್ತು ಸುಳ್ಳು ಹೇಳಿದ್ದು. ಅದನ್ನು ಅವರ ತಂಗಿಗೆ ಹೇಳಬೇಕೆನಿಸಿತು. ಎಲೆಯ ಮೇಲಿನ ಅನ್ನ ಕಲಸುತ್ತಲೇ ಇದ್ದೆ. ಪಕ್ಕದಲ್ಲಿ ಕೂತಿದ್ದ ಮಗಳು ನನಗಾಗಿ ನೀರಿನ ಲೋಟ ಹತ್ತಿರ ಸರಿಸಿದಳು.