ಬೆಲ್ಟಿನ ಹತ್ತಿರ ಹೋಗಬೇಡ

ಶಾಲೆಯ ಸಮವಸ್ತ್ರಕ್ಕೆ ಬಿಗಿಯುತ್ತಿದ್ದದ್ದು ಬೆಲ್ಟು. ಜಮೀನು ಮಾರಲು ಹೊರಟವರು ‘ಗ್ರೀನ್ ಬೆಲ್ಟ್‌ಗೆ ಬಿದ್ದುಬಿಟ್ಟಿದೆ, ಮನೆ ಕಟ್ಟೋ ಹಾಗಿಲ್ಲ’ ಎಂದು ಪೇಚಾಡುತ್ತಿದ್ದದ್ದೂ ಬೆಲ್ಟೇ. ನಮ್ಮ ಮನೆಯಲ್ಲಿ ಮಾತ್ರ ಆ ಮಾತು ಬಂದರೆ ಅಮ್ಮನ ಕಣ್ಣು ಅಪ್ಪನ ಬಲಗೈಗೆ ಹೋಗುತ್ತಿತ್ತು. ಸೂಲಿಬೆಲೆ ಹತ್ತಿರದ ನಮ್ಮೂರಿನಲ್ಲಿ ಅಪ್ಪನದು ಹಿಟ್ಟಿನ ಮಿಷನ್. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅದರ ಬೆಲ್ಟಿಗೆ ಸಿಕ್ಕಿ ಅವನ ಎರಡು ಬೆರಳು ಹೋದವು. ಆಮೇಲೆ ರಾಗಿ ಬೀಸಿಸಲು ಬಂದ ಹೆಂಗಸರು ಜಡೆ ಸುತ್ತಿ ಗಂಟು ಹಾಕಿಕೊಳ್ಳದಿದ್ದರೆ ಅಪ್ಪ ಒಳಗೇ ಬಿಡುತ್ತಿರಲಿಲ್ಲ.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನನಗೆ ಕೆಲಸ ಸಿಕ್ಕಿದ್ದು ಬ್ಯಾಗುಗಳು ಬರುವ ಬೆಲ್ಟಿನ ಪಕ್ಕದಲ್ಲಿ. ಸಿಕ್ಕಿಕೊಂಡ ಬ್ಯಾಗನ್ನು ನೆಟ್ಟಗೆ ಮಾಡಬೇಕು, ಯಾರೂ ಎತ್ತಿಕೊಳ್ಳದ್ದನ್ನು ಇಳಿಸಿಡಬೇಕು. ನಿಜ ಹೇಳಿದರೆ ಅಪ್ಪ ಮರುದಿನವೇ ಬಿಡಿಸುತ್ತಾನೆಂದು ಗೊತ್ತಿತ್ತು. ಆಫೀಸು ಕೆಲಸ ಎಂದೆ. ಆ ಕೆಲಸ ನನಗೆ ಇಷ್ಟವಾಗಿತ್ತು, ಸುಳ್ಳು ಹೇಳಿದ್ದಕ್ಕೆ ನಾಚಿಕೆಯೇನೂ ಆಗಲಿಲ್ಲ.

ಎರಡು ವರ್ಷದ ಮೇಲೆ ಅಪ್ಪ ಅಮ್ಮ ಊರಿನವರ ಜೊತೆ ಕಾಶಿಗೆ ಹೋದರು. ರೈಲಿನಲ್ಲಿ ಹೋದವರು ಬರುವಾಗ ವಿಮಾನ ಹತ್ತಿದರು. ಆ ದಿನ ರಜೆ ಕೊಡಿ ಎಂದು ದುಂಬಾಲು ಬಿದ್ದೆ, ಕೊಡಲಿಲ್ಲ. ಅವರ ಬ್ಯಾಗು ಬಂದದ್ದೂ ನನ್ನ ಬೆಲ್ಟಿಗೇ.

ತಿರುವಿನಲ್ಲಿ ಸಿಕ್ಕಿಕೊಂಡ ಬಟ್ಟೆಯ ಚೀಲವೊಂದನ್ನು ಎಳೆಯಲು ಬಗ್ಗಿದೆ. ಜಡೆ ಮುಂದಕ್ಕೆ ಜಾರಿತು. ಹಿಂದಿನಿಂದ ಯಾರೋ ನನ್ನ ಭುಜ ಹಿಡಿದು ಎಳೆದರು.

“ಕೈ ತೆಗಿಯೇ!”

ಅಪ್ಪ. ಮುಖ ಬೆವರಿತ್ತು. ಜನವೆಲ್ಲ ತಿರುಗಿ ನೋಡಿದರು. ನನಗೆ ಸಿಟ್ಟೂ ಬಂತು, ಕೆಲಸ ಹೋಯಿತೆಂದು ಅಳುವೂ ಬಂತು.

“ಇದೇನಾ ನಿನ್ನ ಆಫೀಸು?”

“ಇದು ನಮ್ಮ ಮಿಷನ್ ಬೆಲ್ಟ್ ಥರ ಅಲ್ಲಪ್ಪ. ನಿಧಾನಕ್ಕೆ ಓಡುತ್ತೆ.”

“ಓಡೋವೆಲ್ಲ ಒಂದೇ ಕಣಮ್ಮ. ನಿಲ್ಸೋದು ಎಲ್ಲಿ?”

ಕೆಂಪು ಬಟನ್ ತೋರಿಸಿದೆ. ಅಪ್ಪ ನಾನು ಬಗ್ಗಿದ್ದ ಜಾಗದಲ್ಲೇ ನನ್ನನ್ನು ನಿಲ್ಲಿಸಿ, ಅಲ್ಲಿಂದ ಬಟನ್ನಿನ ಕಡೆ ಕೈ ಚಾಚಿಸಿದ. ಎಟುಕಿತು. ಇನ್ನೊಂದು ಸಲ ಚಾಚಿಸಿದ. ಆಮೇಲೆ ಬ್ಯಾಗು ಎತ್ತಿಕೊಂಡು ಹೊರಟ.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡದೆ ಜಗಲಿಯ ಮೇಲೆ ಕೂತಿದ್ದೆ.

“ಬಸ್ಸಿಗೆ ಹೊತ್ತಾಗಲಿಲ್ವಾ?” ಎಂದ ಅಪ್ಪ. ಹಿಂದೆ ಬಂದು ನಿಂತು ನನ್ನ ಜಡೆ ಸುತ್ತಿ ಗಂಟು ಹಾಕತೊಡಗಿದ. ಎಂಟು ಬೆರಳಿನಲ್ಲಿ ಬಹಳ ಹೊತ್ತು ಹಿಡಿಯಿತು.

ಗಂಟು ಸಡಿಲವಾಗಿತ್ತು, ಬಸ್ಸು ಬರುವ ಮೊದಲೇ ಬಿಚ್ಚಿಕೊಂಡಿತು. ಅಲ್ಲೇ ನಿಂತು ನಾನೇ ಬಿಗಿಯಾಗಿ ಕಟ್ಟಿಕೊಂಡೆ.